ಬೇಡದೆ ಬಂದ ವಾದ್ಯ: ಡೇವಿಡ್ ಪೊಪ್ಪರನ ಜೀವನ

ಪಾಶ್ಚಾತ್ಯ ಸಂಗೀತದಲ್ಲಿ ಚೆಲ್ಲೊ ಎಂಬುದೊಂದು ವಾದ್ಯವುಂಟು. ಪಿಟೀಲನ್ನು ಬಲ್ಲ ನಮಗೆ ಅದರ ಪರಿಚಯ ಮಾಡಿಕೊಳ್ಳುವುದು ಕಷ್ಟವಲ್ಲ. ಅದು ಪಿಟೀಲಿನ ಕುಲಕ್ಕೇ ಸೇರಿದುದು. ಗಾತ್ರದಲ್ಲಿ ಮಾತ್ರ ಬಹು ದೊಡ್ಡದು. ವಾದಕನು ಕುರ್ಚಿಯ ಮೇಲೆ ಕುಳಿತು, ವಾದ್ಯವನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಕಮಾನಿನಿಂದ ನುಡಿಸುತ್ತಾನೆ. ಅದಕ್ಕೆ ನಾಲ್ಕು ತಂತಿಗಳು. ಗಂಡಸಿನ ಕಂಠವನ್ನು ಹೋಲುವ ಗಂಭೀರವಾದ ನಾದ. ಇಪ್ಪತ್ತನೆಯ ಶತಮಾನದಲ್ಲಿ ಈ ವಾದ್ಯದಿಂದ ಹೆಸರು ಪಡೆದವರನ್ನು ಎಣಿಸುತ್ತ ಹೋದರೆ, ಅವರಲ್ಲಿ ಹಂಗೇರಿಯವರ ಸಂಖ್ಯೆ ಆ ಸಣ್ಣ ದೇಶದ ಅಳತೆಗೆ ಮೀರಿದ್ದೆಂದು ಕಾಣುತ್ತದೆ. ಅವರಲ್ಲಿ ಅನೇಕರ ವಿದ್ಯೆಯ ಮೂಲವನ್ನು ಹುಡುಕಿಕೊಂಡು ಹಿಂದಕ್ಕೆ ಹೋದರೆ ಬುಡಾಪೆಸ್ಟ್ ನಗರದ ಸಂಗೀತ ಅಕಾಡೆಮಿಯ ಬಾಗಿಲಿಗೆ, ಅಲ್ಲಿ ಇಪ್ಪತ್ತೇಳು ವರ್ಷ ಪಾಠ ಹೇಳಿದ ಒಬ್ಬ ಗುರುವಿನ ಬಳಿಗೆ ಬಂದು ನಿಲ್ಲುತ್ತೇವೆ. ಆತನೇ ಡೇವಿಡ್ ಪೊಪ್ಪರ್. ವಿಚಿತ್ರವೆಂದರೆ ಆತ ಹುಟ್ಟಿನಿಂದ ಹಂಗೇರಿಯವನಲ್ಲ. ಚೆಲ್ಲೊ ಕಲಿಯಬೇಕೆಂದು ತಾನಾಗಿ ಬಯಸಿದವನೂ ಅಲ್ಲ.

ಪೊಪ್ಪರನು ೧೮೪೩ರಲ್ಲಿ ಪ್ರಾಗ್ ನಗರದ ಯೆಹೂದ್ಯರ ಕೇರಿಯಲ್ಲಿ ಜನಿಸಿದನು. ಇಂದು ಪ್ರಾಗ್ ಚೆಕ್ ಗಣರಾಜ್ಯದ ರಾಜಧಾನಿ. ಅಂದು ಅದು ಆಸ್ಟ್ರಿಯಾ ಚಕ್ರಾಧಿಪತ್ಯಕ್ಕೆ ಸೇರಿದ ಬೊಹೀಮಿಯ ಪ್ರಾಂತದ ಮುಖ್ಯ ಪಟ್ಟಣವಾಗಿದ್ದಿತು. ಅವನ ತಂದೆ ಯೆಹೂದ್ಯರ ಪ್ರಾರ್ಥನಾ ಮಂದಿರದಲ್ಲಿ ಸಭೆಯ ಪರವಾಗಿ ಪ್ರಾರ್ಥನೆಗಳನ್ನು ರಾಗವಾಗಿ ಹಾಡುವ ಕೆಲಸದಲ್ಲಿದ್ದನು. ಆ ಕೆಲಸದಲ್ಲಿ ಗೌರವವಿದ್ದಿತೇ ಹೊರತು ಐಶ್ವರ್ಯವಿರಲಿಲ್ಲ. ಅಂದಿನ ಬೊಹೀಮಿಯದಲ್ಲಿ ಯೆಹೂದ್ಯರ ಬಾಳು ಹೇಗಿದ್ದಿತೆಂಬುದಕ್ಕೆ ಒಂದು ಕಾನೂನನ್ನು ನೆನೆದರೆ ಸಾಕು. ಯೆಹೂದ್ಯ ಕುಟುಂಬಗಳ ಸಂಖ್ಯೆ ಹೆಚ್ಚದಂತೆ ಸರ್ಕಾರವು ೧೭೨೬ರಿಂದ ಮಿತಿಯನ್ನು ಹಾಕಿದ್ದಿತು. ಸಾಮಾನ್ಯವಾಗಿ ಮನೆಯ ಹಿರಿಯ ಮಗನಿಗೆ ಮಾತ್ರ ಮದುವೆಯಾಗಿ ಸಂಸಾರ ಹೂಡಲು ಅನುಮತಿ ದೊರೆಯುತ್ತಿದ್ದಿತು. ಈ ಕಟ್ಟಳೆ ೧೮೪೯ರವರೆಗೂ ಉಳಿಯಿತು. ಪೊಪ್ಪರನಿಗೆ ಆಗ ಆರು ವರ್ಷ. ಎಲ್ಲಿ ವಾಸಿಸಬೇಕು, ಯಾರು ಮದುವೆಯಾಗಬೇಕು ಎಂಬುದನ್ನು ಬೇರೆಯವರು ತೀರ್ಮಾನಿಸುತ್ತಿದ್ದ ಲೋಕದಲ್ಲಿ ಆ ಹುಡುಗ ಕಣ್ಣು ಬಿಟ್ಟನು.

ಆದರೆ ಮನೆಯಲ್ಲಿ ಸಂಗೀತಕ್ಕೆ ಬಡತನವಿರಲಿಲ್ಲ. ತಂದೆಯ ಹಾಡನ್ನು ಕೇಳುತ್ತ ಬೆಳೆದ ಬಾಲಕನಿಗೆ ಪಿಯಾನೊ ಮತ್ತು ಪಿಟೀಲುಗಳಲ್ಲಿ ಎಳೆಯ ವಯಸ್ಸಿನಲ್ಲೇ ಕೈ ಕುದುರಿತು. ಹನ್ನೆರಡನೆಯ ವಯಸ್ಸಿನಲ್ಲಿ ಅವನು ಪ್ರಾಗಿನ ಕನ್ಸರ್ವೇಟರಿಗೆ, ಅಂದರೆ ಅಲ್ಲಿಯ ಸಂಗೀತ ವಿದ್ಯಾಲಯಕ್ಕೆ, ಪ್ರವೇಶ ಪರೀಕ್ಷೆ ಕೊಡಲು ಹೋದನು. ಅವನು ಹೋದದ್ದು ಪಿಟೀಲು ವಿದ್ಯಾರ್ಥಿಯಾಗಿ. ಪರೀಕ್ಷಕರು ಅವನ ಪಿಟೀಲನ್ನು ಕೇಳಿದರು. ಹುಡುಗನ ಪ್ರತಿಭೆಯಲ್ಲಿ ಅವರಿಗೆ ಸಂದೇಹ ಉಳಿಯಲಿಲ್ಲ. ಆದರೆ ಆ ವರ್ಷ ವಿದ್ಯಾಲಯದಲ್ಲಿ ಚೆಲ್ಲೊ ಕಲಿಯುವವರ ಕೊರತೆ ಇದ್ದಿತು. ಚೆಲ್ಲೊ ಕಲಿಯುವುದಾದರೆ ಸ್ಥಾನವುಂಟು ಎಂದು ಷರತ್ತು ಹಾಕಿದರು. ಬಡವರ ಮನೆಯ ಹುಡುಗನಿಗೆ ಸ್ಥಾನ ದೊಡ್ಡದೋ ವಾದ್ಯ ದೊಡ್ಡದೋ ಎಂದು ಚರ್ಚಿಸುವ ಅನುಕೂಲವೆಲ್ಲಿ? ಅವನು ಒಪ್ಪಿಕೊಂಡನು.

ಇಲ್ಲಿ ನನ್ನ ಸ್ವಂತದ ಮಾತೊಂದನ್ನು ಆಡಲು ಓದುಗರ ಅಪ್ಪಣೆ ಬೇಡುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬಿ.ಎ. ತರಗತಿಗೆ ಸೇರುವ ದಿನ ನಾನು ಕೇಳಿದ ವಿಷಯ ಬೇರೆ. ಅದರಲ್ಲಿ ಸೀಟುಗಳು ತುಂಬಿದ್ದವು. ಇತಿಹಾಸದಲ್ಲಿ ಖಾಲಿ ಇದ್ದವು. ಎರಡಕ್ಕೂ ಇರುವ ವ್ಯತ್ಯಾಸವನ್ನು ನನ್ನ ಜೊತೆ ಬಂದಿದ್ದ ತಂದೆಯವರಿಗೆ ತಿಳಿಸಿ ಹೇಳುವಷ್ಟು ನನಗೇ ತಿಳಿದಿರಲಿಲ್ಲ. ಹೇಗೋ ಸೀಟು ಸಿಕ್ಕಿತಲ್ಲ ಎಂಬ ನೆಮ್ಮದಿಯಿಂದ ಅವರು ಊರಿನ ಬಸ್ಸು ಹತ್ತಿದರು. ನಮ್ಮ ತರಗತಿಯಲ್ಲಿ ಹೀಗೆ ಬಂದವರು ನಾನೊಬ್ಬನೇ ಅಲ್ಲವೆಂದು ಆಮೇಲೆ ತಿಳಿಯಿತು. ಆಸ್ಟ್ರಿಯಾ-ಹಂಗೇರಿ ಚಕ್ರಾಧಿಪತ್ಯದ ವಿಷಯವಾಗಿ ಹೆಚ್ಚಿಗೆ ಓದುತ್ತಿದ್ದಾಗಲೇ ನನಗೆ ಪೊಪ್ಪರನ ಹೆಸರು ಸಿಕ್ಕಿದುದು. ಪ್ರವೇಶ ಪರೀಕ್ಷೆಯ ಈ ಸಂಗತಿಯನ್ನು ಓದಿದ ಮೇಲೆ ಅವನ ಬದುಕನ್ನು ಕಡೆಯವರೆಗೂ ತಿಳಿಯದೆ ಬಿಡಲು ಮನಸ್ಸಾಗಲಿಲ್ಲ. ಕೇಳಿದುದು ಸಿಕ್ಕದೆ ಬೇರೊಂದು ಕೈಗೆ ಬಂದಾಗ ಅದನ್ನು ಒಬ್ಬನು ಏನು ಮಾಡಿದನು ಎಂಬುದೇ ನನಗಿದ್ದ ಕುತೂಹಲ.

ಪ್ರಾಗಿನಲ್ಲಿ ಅವನಿಗೆ ದೊರೆತ ಗುರು ಯೂಲಿಯುಸ್ ಗೋಲ್ಟರ್ಮಾನ್. ಚೆಲ್ಲೊ ಪಿಟೀಲಿನ ಕುಲದ್ದೇ ಆದರೂ ಅದರ ವಿದ್ಯೆ ಬೇರೆ. ತಂತಿ ಉದ್ದವಾದುದರಿಂದ ಸ್ವರದಿಂದ ಸ್ವರಕ್ಕೆ ದೂರ ಹೆಚ್ಚು. ಪಿಟೀಲಿನಲ್ಲಿ ಬೆರಳು ಚಾಚಿ ಮುಟ್ಟುವ ಸ್ಥಳಕ್ಕೆ ಇಲ್ಲಿ ಕೈಯನ್ನೇ ಜಾರಿಸಿಕೊಂಡು ಹೋಗಬೇಕು. ಕೈ ತೀರ ಮೇಲಿನ ಸ್ವರಗಳಿಗೆ ಬಂದಾಗ, ಅದುವರೆಗೆ ಕತ್ತಿನ ಹಿಂದೆ ಅಡಗಿದ್ದ ಎಡಗೈ ಹೆಬ್ಬೆರಳು ಹೊರಗೆ ಬಂದು ತಂತಿಯ ಮೇಲೆ ಅಡ್ಡಲಾಗಿ ಒತ್ತಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಹೆಬ್ಬೆರಳೇ ಮಿಕ್ಕ ಬೆರಳುಗಳಿಗೆ ಆಧಾರ. ಮೊದಲ ದಿನಗಳಲ್ಲಿ ಇದು ಬಹು ನೋವಿನ ಅಭ್ಯಾಸ. ಪಿಟೀಲಿಗೆ ಒಗ್ಗಿದ ಹುಡುಗನು ಇದೆಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಆದರೂ ಅವನ ಹಳೆಯ ವಿದ್ಯೆ ವ್ಯರ್ಥವಾಗಲಿಲ್ಲವೆಂಬುದನ್ನು ಮುಂದೆ ನೋಡುತ್ತೇವೆ.

ವಿದ್ಯಾಭ್ಯಾಸ ಮುಗಿಯುತ್ತಿದ್ದಂತೆ, ೧೮೬೦ರ ದಶಕದ ಮೊದಲ ವರ್ಷಗಳಲ್ಲಿ, ಸೈಲೀಷಿಯದ ಲೋವೆನ್‌ಬರ್ಗ್ ಎಂಬ ಊರಿನಲ್ಲಿದ್ದ ಒಬ್ಬ ರಾಜಕುಮಾರನ ಆಸ್ಥಾನ ವಾದ್ಯವೃಂದದಲ್ಲಿ ಅವನಿಗೆ ಕೆಲಸ ಸಿಕ್ಕಿತು. ಊರು ಸಣ್ಣದಾದರೂ ಆ ರಾಜಕುಮಾರನ ಸಂಗೀತದ ಅಭಿರುಚಿ ಸಣ್ಣದಾಗಿರಲಿಲ್ಲ. ಹೊಸ ಸಂಗೀತಕ್ಕೆ ಅಲ್ಲಿ ಆದರವಿದ್ದಿತು. ಪಿಯಾನೊ ವಾದಕನೂ ವೃಂದ ನಿರ್ದೇಶಕನೂ ಆಗಿದ್ದ ಹಾನ್ಸ್ ಫಾನ್ ಬ್ಯೂಲೊ ಈ ತರುಣನ ವಾದನವನ್ನು ಕೇಳಿ ಮೆಚ್ಚಿದನು. ಬ್ಯೂಲೊ ಸುಲಭವಾಗಿ ಯಾರನ್ನೂ ಹೊಗಳುವವನಲ್ಲ. ಅವನ ಮೆಚ್ಚಿಕೆಯಿಂದ ಜರ್ಮನಿಯ ಕಛೇರಿಗಳ ಬಾಗಿಲು ಪೊಪ್ಪರನಿಗೆ ತೆರೆಯಿತು. ೧೮೬೩ರಿಂದ ಅವನ ಸಂಗೀತ ಯಾತ್ರೆಗಳು ಆರಂಭವಾದವು.

೧೮೬೭ರಲ್ಲಿ ವಿಯೆನ್ನಾ ನಗರದಲ್ಲಿ ಅವನು ಮೊದಲ ಕಛೇರಿಯನ್ನು ಮಾಡಿದನು. ಅದೇ ವರ್ಷ ಆಸ್ಟ್ರಿಯಾ-ಹಂಗೇರಿಯೆಂಬ ಜೋಡು ರಾಜ್ಯ ಏರ್ಪಟ್ಟಿತು. ಎರಡೂ ಭಾಗಗಳಲ್ಲಿ ಯೆಹೂದ್ಯರಿಗೆ ಕಾನೂನಿನ ಮುಂದೆ ಸಮಾನ ಹಕ್ಕು ದೊರೆತದ್ದೂ ಆ ವರ್ಷದಲ್ಲೇ. ಮಾರನೆಯ ವರ್ಷ, ಇಪ್ಪತ್ತೈದರ ಪ್ರಾಯದಲ್ಲಿ, ಪೊಪ್ಪರನು ವಿಯೆನ್ನಾ ರಾಜಾಸ್ಥಾನದ ಸಂಗೀತ ನಾಟಕಶಾಲೆಯ ವಾದ್ಯವೃಂದದಲ್ಲಿ ಪ್ರಧಾನ ಚೆಲ್ಲೊ ವಾದಕನಾದನು. ೧೮೬೯ರ ಮೇ ೨೫ರಂದು ಮೋಟ್ಸಾರ್ಟನ ಸಂಗೀತ ನಾಟಕದೊಡನೆ ಅಲ್ಲಿಯ ಹೊಸ ಭವ್ಯ ಭವನದ ಪ್ರಾರಂಭೋತ್ಸವ ನಡೆದ ಕಾಲಕ್ಕೆ ಅವನು ಆ ಹುದ್ದೆಯಲ್ಲಿದ್ದನು. ಇದರೊಡನೆ ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ ಸೇರಿದ ನಾಲ್ವರ ಮೇಳಗಳಲ್ಲಿ ಪ್ರಸಿದ್ಧವಾಗಿದ್ದ ಹೆಲ್ಮೆಸ್‌ಬರ್ಗರನ ಮೇಳದಲ್ಲೂ ನುಡಿಸಿದನು. ಪ್ರಾಗಿನ ಕೇರಿಯಿಂದ ಚಕ್ರವರ್ತಿಯ ನಾಟಕಶಾಲೆಗೆ ಇದು ಸಾಮಾನ್ಯವಾದ ದೂರವಲ್ಲ.

೧೮೭೨ರಲ್ಲಿ ಅವನು ಸೋಫೀ ಮೆಂಟರ್ ಎಂಬಾಕೆಯನ್ನು ಮದುವೆಯಾದನು. ಆಕೆ ಲಿಸ್ಟನ ಮೆಚ್ಚಿನ ಶಿಷ್ಯೆ. ಯೂರೋಪಿನ ದೊಡ್ಡ ಪಿಯಾನೊ ವಾದಕರ ಸಾಲಿನಲ್ಲಿ ಎಣಿಸಲ್ಪಡುತ್ತಿದ್ದವಳು. ಮರುವರ್ಷವೇ ಪೊಪ್ಪರನು ವಿಯೆನ್ನಾದ ಹುದ್ದೆಗೆ ರಾಜೀನಾಮೆ ಕೊಟ್ಟನು. ಮುಂದಿನ ಹದಿಮೂರು ವರ್ಷಗಳು ಸಂಚಾರದ ವರ್ಷಗಳು. ಯೂರೋಪಿನ ದೊಡ್ಡ ಪಟ್ಟಣಗಳಲ್ಲಿ ಒಮ್ಮೆ ಹೆಂಡತಿಯೊಡನೆ, ಒಮ್ಮೆ ಒಬ್ಬನೇ ಕಛೇರಿ ನಡೆಸಿದನು.

ಈ ಕಾಲದ ಅವನ ರಚನೆಗಳಲ್ಲಿ ಹಳೆಯ ಪಿಟೀಲು ಮತ್ತೆ ತಲೆಯೆತ್ತುತ್ತದೆ. ಅಂದಿನ ಅನೇಕರ ಭಾವನೆಯಲ್ಲಿ ಚೆಲ್ಲೊ ಎಂದರೆ ನಿಧಾನವಾಗಿ ಹಾಡುವ ವಾದ್ಯ, ಮೇಳದಲ್ಲಿ ಕೆಳಗಿನ ಸ್ವರವನ್ನು ಹಿಡಿದು ನಿಲ್ಲುವ ವಾದ್ಯ. ಪೊಪ್ಪರನು ಅದಕ್ಕೆ ಪಿಟೀಲಿನ ಚುರುಕನ್ನು ಕಲಿಸಿದನು. ಕಿನ್ನರರ ನೃತ್ಯವೆಂಬ ಅರ್ಥದ ಹೆಸರಿನ ಅವನ ಕೃತಿಯಲ್ಲಿ ಕಮಾನು ತಂತಿಯ ಮೇಲೆ ನಿಲ್ಲುವುದೇ ಇಲ್ಲ, ಪುಟಿಯುತ್ತ ಓಡುತ್ತದೆ. ಟಾರಂಟೆಲ್ಲ ಎಂಬ ಕುಣಿತದ ಕೃತಿ, ನೂಲುವವರ ಹಾಡು, ಮುಂದೆ ಬರೆದ ಹಂಗೇರಿಯನ್ ರಾಪ್ಸಡಿ, ಇವೆಲ್ಲ ಇಂದಿಗೂ ಚೆಲ್ಲೊ ವಾದಕರು ಸಭೆಯನ್ನು ಬೆರಗುಗೊಳಿಸಲು ಎತ್ತಿಕೊಳ್ಳುವ ಕೃತಿಗಳು. ವಾದ್ಯವೃಂದದೊಡನೆ ನುಡಿಸುವ ನಾಲ್ಕು ದೊಡ್ಡ ಕಾನ್ಚೆರ್ಟೊಗಳನ್ನೂ, ಮೂರು ಚೆಲ್ಲೊಗಳಿಗಾಗಿ ಒಂದು ಶೋಕಗೀತವನ್ನೂ ಅವನು ರಚಿಸಿದನು. ಬೀಥೋವೆನ್, ಬ್ರಾಮ್ಸರ ಸಾಲಿನಲ್ಲಿ ನಿಲ್ಲುವ ರಚನಕಾರನು ಅವನೆಂದು ಯಾರೂ ಹೇಳಲಾರರು. ಆದರೆ ಚೆಲ್ಲೊ ಎಂಬ ವಾದ್ಯ ಏನೇನನ್ನು ಮಾಡಬಲ್ಲುದೆಂಬುದನ್ನು ಅವನಷ್ಟು ಬಲ್ಲವರು ಅವನ ಕಾಲದಲ್ಲಿ ವಿರಳ. ಪಿಟೀಲನ್ನು ಬಿಡಬೇಕಾಗಿ ಬಂದವನೇ ಚೆಲ್ಲೊವಿಗೆ ಪಿಟೀಲಿನ ರೆಕ್ಕೆ ಕಟ್ಟಿದನೆಂಬುದು ನನಗೆ ಬಹು ಅರ್ಥವುಳ್ಳ ಸಂಗತಿಯಾಗಿ ತೋರುತ್ತದೆ.

೧೮೮೬ನೆಯ ಇಸವಿ ಪೊಪ್ಪರನ ಬಾಳಿನಲ್ಲಿ ದೊಡ್ಡ ತಿರುವು. ಆ ವರ್ಷ ಅವನ ದಾಂಪತ್ಯ ವಿಚ್ಛೇದನದಲ್ಲಿ ಮುಗಿಯಿತು. ಆಗ ಅವನಿಗೆ ನಲವತ್ತಮೂರು ವರ್ಷ, ಕೀರ್ತಿ ಕುಂದಿರಲಿಲ್ಲ, ಸಂಚಾರವನ್ನು ಮುಂದುವರಿಸಿದ್ದರೆ ಕೇಳುವವರಿಗೆ ಕೊರತೆ ಇರುತ್ತಿರಲಿಲ್ಲ. ಅದೇ ವರ್ಷ ಬುಡಾಪೆಸ್ಟಿನ ಸಂಗೀತ ಅಕಾಡೆಮಿಯಲ್ಲಿ ತಂತಿವಾದ್ಯಗಳ ಅಧ್ಯಾಪಕರು ಬೇಕಾದರು. ಬುಡಾ, ಪೆಸ್ಟ್ ಮೊದಲಾದ ಊರುಗಳು ಒಂದಾಗಿ ಬುಡಾಪೆಸ್ಟ್ ಆದದ್ದೇ ೧೮೭೩ರಲ್ಲಿ. ಅಕಾಡೆಮಿ ಹುಟ್ಟಿದ್ದು ೧೮೭೫ರಲ್ಲಿ, ಲಿಸ್ಟನ ಅಧ್ಯಕ್ಷತೆಯಲ್ಲಿ. ವೃದ್ಧನಾಗಿದ್ದ ಲಿಸ್ಟನ ಶಿಫಾರಸಿನಿಂದ ಪೊಪ್ಪರನಿಗೆ ಅಲ್ಲಿ ಚೆಲ್ಲೊ ಅಧ್ಯಾಪಕನ ಸ್ಥಾನ ದೊರೆಯಿತು. ಆ ಜುಲೈ ತಿಂಗಳ ಕೊನೆಯ ದಿನ ಲಿಸ್ಟ್ ತೀರಿಕೊಂಡನು. ಪೊಪ್ಪರನು ತನ್ನದಲ್ಲದ ನಾಡಿಗೆ ಬಂದು ನೆಲೆಸಿದನು. ಮುಂದೆ ಸಾಯುವವರೆಗೂ ಆ ಅಕಾಡೆಮಿಯನ್ನು ಬಿಡಲಿಲ್ಲ.

ಪಿಟೀಲಿನ ಅಧ್ಯಾಪಕನಾಗಿ ಯೆನೊ ಹುಬಾಯ್ ಅದೇ ವರ್ಷ ಅಲ್ಲಿಗೆ ಬಂದನು. ಇಬ್ಬರೂ ಸೇರಿ ನಾಲ್ವರ ಮೇಳವೊಂದನ್ನು ಕಟ್ಟಿದರು. ಈ ಮೇಳದ ಹೆಸರು ಎಷ್ಟು ಬೇಗ ಹರಡಿತೆಂದರೆ, ಬ್ರಾಮ್ಸನೇ ವಿಯೆನ್ನಾದಿಂದ ಬುಡಾಪೆಸ್ಟಿಗೆ ಬಂದು ಇವರೊಡನೆ ಪಿಯಾನೊ ನುಡಿಸಿದನು. ಬ್ರಾಮ್ಸನ ಮೂರನೆಯ ಪಿಯಾನೊ ತ್ರಯವು ೧೮೮೬ರ ಡಿಸೆಂಬರ್ ೨೦ರಂದು ಸಾರ್ವಜನಿಕರ ಮುಂದೆ ಮೊದಲು ಕೇಳಿಬಂದುದು ಬುಡಾಪೆಸ್ಟಿನಲ್ಲಿ. ಪಿಯಾನೊ ಬ್ರಾಮ್ಸನದು, ಪಿಟೀಲು ಹುಬಾಯ್‌ನದು, ಚೆಲ್ಲೊ ಪೊಪ್ಪರನದು. ಬ್ರಾಮ್ಸ್ ತನ್ನ ತಾರುಣ್ಯದ ಮೊದಲನೆಯ ತ್ರಯವನ್ನು ತಿದ್ದಿ ಬರೆದಾಗಲೂ ೧೮೯೦ರ ಜನವರಿಯಲ್ಲಿ ಅದನ್ನು ಮೊದಲು ಕೇಳಿಸಿದವರು ಇದೇ ಮೂವರು.

ಆದರೆ ಪೊಪ್ಪರನ ನಿಜವಾದ ಕೆಲಸ ಸಭೆಯ ಕಣ್ಣಿಗೆ ಕಾಣದ ಪಾಠದ ಕೋಣೆಯಲ್ಲಿ ನಡೆಯಿತು. ಕಛೇರಿಯ ವಾದಕನಿಗೆ ತನ್ನ ಕೈಚಳಕ ತನ್ನಲ್ಲೇ ಉಳಿದರೆ ಲಾಭ. ಅದೇ ಅವನ ಬಂಡವಾಳ. ಪೊಪ್ಪರನು ಆ ಬಂಡವಾಳವನ್ನು ಎಲ್ಲರೆದುರು ಬಿಚ್ಚಿಟ್ಟನು. ೧೯೦೧ರಿಂದ ೧೯೦೫ರವರೆಗೆ, ಅರುವತ್ತರ ಆಸುಪಾಸಿನ ವಯಸ್ಸಿನಲ್ಲಿ, ಚೆಲ್ಲೊ ವಾದನದ ಉನ್ನತ ಪಾಠಶಾಲೆ ಎಂಬರ್ಥದ ಹೆಸರಿನಿಂದ ನಲವತ್ತು ಅಭ್ಯಾಸಪಾಠಗಳನ್ನು ಪ್ರಕಟಿಸಿದನು. ಹೆಸರೇ ಹೇಳುವಂತೆ ಇವು ಪ್ರಾರಂಭಿಕರ ಪಾಠಗಳಲ್ಲ. ಒಂದೊಂದು ಪಾಠವೂ ಒಂದೊಂದು ತೊಡಕನ್ನು ಕೈಗೆತ್ತಿಕೊಳ್ಳುತ್ತದೆ: ಹೆಬ್ಬೆರಳನ್ನು ಆಧಾರವಾಗಿಟ್ಟು ತಂತಿಯ ಉದ್ದಕ್ಕೂ ಓಡಾಡುವುದು, ಎರಡು ತಂತಿಗಳನ್ನು ಏಕಕಾಲದಲ್ಲಿ ನುಡಿಸುವುದು, ಕಮಾನನ್ನು ಪುಟಿಸುವುದು, ಎಡಗೈ ತಪ್ಪದೆ ದೂರದ ಸ್ವರಕ್ಕೆ ನೆಗೆಯುವುದು, ಹೀಗೆ. ವಾಗ್ನರನ ಕಾಲದಿಂದೀಚೆಗೆ ಯೂರೋಪಿನ ಸಂಗೀತದಲ್ಲಿ ಸ್ವರಗಳ ನಡೆ ಬದಲಾಗಿದ್ದಿತು. ಶ್ರುತಿಯ ನೆಲೆ ಕ್ಷಣಕ್ಷಣಕ್ಕೂ ಜಾರುತ್ತಿದ್ದಿತು. ವಿಯೆನ್ನಾದ ನಾಟಕಶಾಲೆಯಲ್ಲಿ ಐದು ವರ್ಷ ಕುಳಿತಿದ್ದ ಪೊಪ್ಪರನಿಗೆ ವೃಂದದ ಚೆಲ್ಲೊ ವಾದಕನು ಎಲ್ಲೆಲ್ಲಿ ಎಡವುತ್ತಾನೆಂಬುದು ಅನುಭವದಿಂದ ಗೊತ್ತಿದ್ದಿತು. ಅಂತಹ ಎಡವು ಕಲ್ಲುಗಳನ್ನು ಅವನು ಪಾಠಗಳಲ್ಲಿ ತಂದಿಟ್ಟನು. ಇವತ್ತಿಗೂ ಚೆಲ್ಲೊವನ್ನು ವೃತ್ತಿಯಾಗಿ ಹಿಡಿಯುವ ವಿದ್ಯಾರ್ಥಿ ಯಾವ ದೇಶದವನಾದರೂ ಈ ನಲವತ್ತರಲ್ಲಿ ಕೆಲವನ್ನಾದರೂ ಬೆವರು ಸುರಿಸಿ ದಾಟಿರುತ್ತಾನೆ.

೧೯೦೭ರಲ್ಲಿ ಅಕಾಡೆಮಿಗೆ ಹೊಸ ಕಟ್ಟಡ ಬಂದಿತು. ಆ ಹೊತ್ತಿಗೆ ಪೊಪ್ಪರನ ಶಿಷ್ಯರು ತಾವೇ ಹೆಸರುವಾಸಿಯಾಗತೊಡಗಿದ್ದರು. ೧೯೧೩ರ ಆಗಸ್ಟ್ ೭ರಂದು ವಿಯೆನ್ನಾದ ಬಳಿಯ ಬಾಡೆನ್ ಎಂಬಲ್ಲಿ ಅವನು ನಿಧನನಾದನು. ಮರುವರ್ಷ ಮಹಾಯುದ್ಧ ಹೊತ್ತಿಕೊಂಡಿತು. ಅವನು ಹುಟ್ಟಿ, ದುಡಿದು, ಮಡಿದ ಚಕ್ರಾಧಿಪತ್ಯ ೧೯೧೮ರಲ್ಲಿ ಚೂರುಚೂರಾಯಿತು. ಪ್ರಾಗ್ ಒಂದು ದೇಶಕ್ಕೆ, ವಿಯೆನ್ನಾ ಒಂದು ದೇಶಕ್ಕೆ, ಬುಡಾಪೆಸ್ಟ್ ಮತ್ತೊಂದು ದೇಶಕ್ಕೆ ಸೇರಿದವು.

ಆದರೆ ವಿದ್ಯೆ ಚೂರಾಗಲಿಲ್ಲ. ಅವನ ಶಿಷ್ಯನಾದ ಯೆನೊ ಕೆರ್ಪೆಲಿ ೧೯೧೦ರಲ್ಲಿ ತನ್ನ ಮೇಳದೊಡನೆ ಬಾರ್ಟೋಕ್ ಮತ್ತು ಕೊದಾಯ್ ಎಂಬ ಹಂಗೇರಿಯ ಹೊಸ ರಚನಕಾರರ ಕೃತಿಗಳನ್ನು ಮೊದಲ ಬಾರಿಗೆ ಜನರಿಗೆ ಕೇಳಿಸಿದ್ದನು. ಕೊದಾಯ್ ೧೯೧೫ರಲ್ಲಿ ಒಂಟಿ ಚೆಲ್ಲೊವಿಗಾಗಿ ಬರೆದ ಸೊನಾಟ ಎಂಬ ದೀರ್ಘ ಕೃತಿಯನ್ನು ೧೯೧೮ರಲ್ಲಿ ಮೊದಲು ನುಡಿಸಿದವನೂ ಕೆರ್ಪೆಲಿಯೇ. ಪಕ್ಕವಾದ್ಯವಿಲ್ಲದೆ ಒಂದೇ ಚೆಲ್ಲೊ ಒಂದು ಇಡೀ ಮೇಳದಂತೆ ಮೊಳಗಬೇಕಾದ ಆ ಕೃತಿಯನ್ನು ನುಡಿಸುವ ಕೈ ಪೊಪ್ಪರನ ಪಾಠದಲ್ಲಿ ಪಳಗಿದುದಾಗಿದ್ದಿತು. ಇನ್ನೊಬ್ಬ ಶಿಷ್ಯ ಅಡಾಲ್ಫ್ ಶಿಫರ್ ಗುರುವಿನ ಬಳಿಕ ಅಕಾಡೆಮಿಯಲ್ಲಿ ಚೆಲ್ಲೊ ಪಾಠವನ್ನು ಮುಂದುವರಿಸಿದನು.

ಆ ಶಿಫರನ ಬಳಿಗೆ ಬಂದ ಬಾಲಕನೇ ಯಾನೋಶ್ ಸ್ಟಾರ್ಕರ್. ೧೯೨೪ರಲ್ಲಿ ಬುಡಾಪೆಸ್ಟಿನಲ್ಲಿ ಒಬ್ಬ ದರ್ಜಿಯ ಮಗನಾಗಿ ಹುಟ್ಟಿದ ಈ ಯೆಹೂದ್ಯ ಹುಡುಗನು ಎಂಟನೆಯ ವಯಸ್ಸಿಗೇ ತನಗಿಂತ ಕಿರಿಯರಿಗೆ ಪಾಠ ಹೇಳತೊಡಗಿದನು. ಎರಡನೆಯ ಮಹಾಯುದ್ಧದಲ್ಲಿ ಅವನು ಸೆರೆಯಲ್ಲಿರಬೇಕಾಯಿತು. ಪಿಟೀಲು ವಾದಕರಾಗಿದ್ದ ಅವನ ಅಣ್ಣಂದಿರಿಬ್ಬರು ನಾಜಿಗಳ ಕೈಯಲ್ಲಿ ಹತರಾದರು. ೧೮೬೭ರಲ್ಲಿ ಕೊಟ್ಟ ಸಮಾನತೆಯನ್ನು ಇಪ್ಪತ್ತನೆಯ ಶತಮಾನ ಹೀಗೆ ಹಿಂದಕ್ಕೆ ಕಿತ್ತುಕೊಂಡಿತು. ಬದುಕಿ ಉಳಿದ ಸ್ಟಾರ್ಕರ್ ೧೯೪೬ರಲ್ಲಿ ಹಂಗೇರಿಯನ್ನು ಬಿಟ್ಟನು. ಕೊದಾಯ್‌ನ ಅದೇ ಒಂಟಿ ಚೆಲ್ಲೊ ಕೃತಿಯ ಧ್ವನಿಮುದ್ರಣಕ್ಕೆ ೧೯೪೮ರಲ್ಲಿ ಫ್ರಾನ್ಸಿನ ದೊಡ್ಡ ಬಹುಮಾನ ಪಡೆದು, ಅಮೆರಿಕಕ್ಕೆ ಹೋಗಿ, ಅಲ್ಲಿಯ ವಾದ್ಯವೃಂದಗಳಲ್ಲಿ ಪ್ರಧಾನ ವಾದಕನಾಗಿ ದುಡಿದು, ೧೯೫೮ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದ ಅಧ್ಯಾಪಕನಾದನು. ೨೦೧೩ರಲ್ಲಿ ತೀರಿಕೊಂಡನು. ಅವನ ಶಿಷ್ಯರಲ್ಲೊಬ್ಬನಾದ ಜಪಾನಿನ ತ್ಸುಯೋಶಿ ತ್ಸುತ್ಸುಮಿ ೧೯೬೩ರಲ್ಲಿ ಅಂತರರಾಷ್ಟ್ರೀಯ ಚೆಲ್ಲೊ ಸ್ಪರ್ಧೆಯೊಂದರಲ್ಲಿ ಮೊದಲನೆಯವನಾಗಿ ಬಂದನು. ಆ ಸ್ಪರ್ಧೆ ನಡೆದುದು ಬುಡಾಪೆಸ್ಟಿನಲ್ಲಿ. ಪೊಪ್ಪರನ ವಿದ್ಯೆ ಮೂರನೆಯ ತಲೆಮಾರಿನಲ್ಲಿ ಸಮುದ್ರಗಳನ್ನು ಸುತ್ತಿ ಅವನು ಪಾಠ ಹೇಳಿದ ಊರಿಗೇ ಮರಳಿ ಬಂದಂತಾಯಿತು.

ಮಿತ್ರರೇ, ಕೇಳಿದುದು ಸಿಕ್ಕದಿರುವುದೇ ಭಾಗ್ಯವೆಂದು ನಾನು ವಾದಿಸಲು ಹೊರಟಿಲ್ಲ. ಹಾಗೆ ಹೇಳುವುದು ಇದ್ದವರಿಗೆ ಸುಲಭ. ಇಲ್ಲದವರಿಗೆ ಅದು ಸಮಾಧಾನವೂ ಅಲ್ಲ. ಬಡವನಾದ ಹುಡುಗನಿಗೆ ತನಗೆ ಬೇಕಾದುದನ್ನು ಕಲಿಯುವ ಅವಕಾಶ ಇರಲೇಬೇಕು. ಪ್ರಾಗಿನಲ್ಲಿ ಅಂದು ಪಿಟೀಲಿನಲ್ಲೇ ಸ್ಥಾನ ಸಿಕ್ಕಿದ್ದರೆ ಪೊಪ್ಪರ್ ಏನಾಗುತ್ತಿದ್ದನೋ ಯಾರು ಬಲ್ಲರು? ಅವನ ಚರಿತ್ರೆಯಿಂದ ನಾನು ತಿಳಿದುಕೊಂಡದ್ದು ಇಷ್ಟೇ: ವಾದ್ಯವನ್ನು ಆರಿಸಿದವರು ಪರೀಕ್ಷಕರು, ಆದರೆ ಅದನ್ನು ಅಭ್ಯಾಸ ಮಾಡಿದ ಗಂಟೆಗಳು ಅವನವು. ಮೊದಲು ಕಲಿತ ಪಿಟೀಲನ್ನು ಅವನು ಮರೆಯಲಿಲ್ಲ, ಆಮೇಲೆ ಬಂದ ಚೆಲ್ಲೊವನ್ನು ಹಳಿಯಲಿಲ್ಲ, ಕೊನೆಗೆ ಕಲಿತುದನ್ನು ಮುಚ್ಚಿಡಲೂ ಇಲ್ಲ. ಅವನ ವಾದನವನ್ನು ಕಿವಿಯಾರೆ ಕೇಳಿದವರು ಇಂದು ಯಾರೂ ಉಳಿದಿಲ್ಲ. ಆದರೆ ಆ ನಲವತ್ತು ಪಾಠಗಳಲ್ಲಿ ಒಂದನ್ನು ಎದುರಿಗೆ ತೆರೆದಿಟ್ಟುಕೊಂಡು, ನೋಯುವ ಹೆಬ್ಬೆರಳನ್ನು ಮತ್ತೆ ಮತ್ತೆ ತಂತಿಗೆ ಒತ್ತುತ್ತಿರುವ ವಿದ್ಯಾರ್ಥಿ ಈ ಹೊತ್ತಿನಲ್ಲಿಯೂ ಲೋಕದ ಯಾವುದೋ ಊರಿನಲ್ಲಿ ಇದ್ದೇ ಇರುತ್ತಾನೆ. ಪೊಪ್ಪರನು ಅವನಿಗೂ ಗುರುವೇ ಸರಿ.